ದಾರ ಕಟ್ಟಿದ ಪಿಪೆಟ್ಟು

ಕಾಲೇಜಿನ ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆಯೇ ಯಾರಾದರೊಬ್ಬರು ಎದ್ದು ಬಂದು, ನಮ್ಮಲ್ಲಿ ಅಂಥದ್ದೆಲ್ಲ ಎಲ್ಲಿತ್ತು ಸ್ವಾಮಿ, ನಾವೆಲ್ಲ ಅಣ್ಣತಮ್ಮಂದಿರ ಹಾಗಿದ್ದೆವು ಅಂತ ಭಾಷಣ ಶುರು ಮಾಡುತ್ತಾರೆ. ನಂಜನಗೂಡಿನಲ್ಲಿ ಬಸ್ಸಿಳಿದು ನಡೆದೇ ಹೋಗಬಹುದಾದ ಒಂದು ಕಾಲೇಜು. ಅಷ್ಟು ಸಾಕು. ತೊಂಬತ್ತಾರನೇ ಇಸವಿಯಲ್ಲಿ ತಿ. ನರಸೀಪುರದ ಕಡೆಯ ಬೆಳಗಿನ ಬಸ್ಸು ಹಿಡಿದು ಕೋಮಲ ಅಲ್ಲಿಗೆ ಬಿ.ಎಸ್ಸಿ. ಓದಲು ಬಂದಳು. ಊರಾಚೆಯ ಕೇರಿಯ ಹುಡುಗಿ. ಅಪ್ಪ ನಿಂಗರಾಜು ತಾಂಡ್ಯದ ಕಾರ್ಖಾನೆಯೊಂದರಲ್ಲಿ ಮೂಟೆ ಹೊರುತ್ತಿದ್ದ. ಅವ್ವ ಪಾಪಮ್ಮ ಗದ್ದೆ ಕೂಲಿಗೆ ಹೋಗುತ್ತಿದ್ದಳು. ಹುಟ್ಟಿದ ಮಗುವಿನ ಮುಖ ನೋಡಿ ಕೋಮಲ ಅಂತ ಹೆಸರಿಟ್ಟವರಿಗೆ ಅದರ ಗುಣ ಆಗಿನ್ನೂ ಗೊತ್ತಿರಲಿಲ್ಲ.

ಕೆಮಿಸ್ಟ್ರಿಯನ್ನೇ ಯಾಕೆ ಹಿಡಿದಳು ಎಂದರೆ, ಅದಕ್ಕೆ ಒಂದು ಆಯುಧಪೂಜೆ ಕಾರಣ. ಹೈಸ್ಕೂಲಿನಲ್ಲಿದ್ದಾಗ ಅಪ್ಪ ಅವಳನ್ನು ಕಾರ್ಖಾನೆ ತೋರಿಸಲು ಕರೆದುಕೊಂಡು ಹೋಗಿದ್ದ. ಯಂತ್ರಗಳಿಗೆಲ್ಲ ಚೆಂಡು ಹೂವಿನ ಹಾರ. ಗಾಜಿನ ಕೋಣೆಯೊಂದರಲ್ಲಿ ಸಾಲಾಗಿ ನಿಂತಿದ್ದ ಬ್ಯೂರೆಟ್ಟು ಎಂಬ ಅಳತೆಯ ಗಾಜಿನ ಕೊಳವೆಗಳಿಗೂ ಅರಿಶಿನ ಕುಂಕುಮ ಇಟ್ಟಿದ್ದರು. ಇದು ಲ್ಯಾಬು, ಇಲ್ಲಿ ಕೂತವರು ಸರಿ ಅಂದರೆ ಮಾತ್ರ ನಾವು ಹೊತ್ತ ಮೂಟೆ ಒಳಕ್ಕೆ, ಇಲ್ಲ ಅಂದರೆ ಅದೇ ಲಾರಿಯಲ್ಲಿ ವಾಪಸ್ಸು ಎಂದು ನಿಂಗರಾಜು ವಿವರಿಸಿದ. ಹುಡುಗಿ ಅಪ್ಪನ ಹೆಗಲು ನೋಡಿದಳು, ಬ್ಯೂರೆಟ್ಟು ನೋಡಿದಳು. ಆ ಕುರ್ಚಿಯಲ್ಲಿ ತಾನು ಕೂರಬೇಕು ಎಂದು ಅಲ್ಲೇ ಗಟ್ಟಿ ಮಾಡಿಕೊಂಡಳು. ಅದಕ್ಕೆ ಬಿ.ಎಸ್ಸಿ. ಬೇಕು, ಕೆಮಿಸ್ಟ್ರಿಯಲ್ಲಿ ಫಸ್ಟ್ ಕ್ಲಾಸ್ ಬೇಕು ಎಂದು ಆಮೇಲೆ ಗೊತ್ತಾಯಿತು. ಬೇಕಾದರೆ ಬೇಕು, ಅದಕ್ಕೇನಂತೆ.

ಈಗ ಪಿಪೆಟ್ಟಿನ ವಿಷಯಕ್ಕೆ ಬರೋಣ. ಪಿಪೆಟ್ಟು ಅಂದರೆ ನಡುವೆ ಹೊಟ್ಟೆ ಉಬ್ಬಿದ ಗಾಜಿನ ಕೊಳವೆ. ಇಂತಿಷ್ಟೇ ದ್ರಾವಣವನ್ನು ಅಳೆದು ಫ್ಲಾಸ್ಕಿಗೆ ಹಾಕಲು ಅದು ಬೇಕು. ಇವತ್ತು ಅದರ ತುದಿಗೆ ರಬ್ಬರ್ ಬುಡ್ಡೆ ಸಿಕ್ಕಿಸಿ ಎಳೆಯುತ್ತಾರೆ. ಆಗ ಬಾಯಿಯೇ ಬುಡ್ಡೆ. ಕೆಳತುದಿಯನ್ನು ದ್ರಾವಣದಲ್ಲಿ ಅದ್ದಿ, ಮೇಲ್ತುದಿಗೆ ತುಟಿ ಇಟ್ಟು ಗೆರೆಯವರೆಗೆ ಎಳೆದು, ತಟ್ಟನೆ ಬೆರಳಿಟ್ಟು ಮುಚ್ಚಬೇಕು. ಲ್ಯಾಬಿನಲ್ಲಿ ಪಿಪೆಟ್ಟುಗಳೆಲ್ಲ ಒಂದೇ ಟ್ರೇನಲ್ಲಿ ಬಿದ್ದಿರುತ್ತಿದ್ದವು. ಇವತ್ತು ಇವನು ಬಾಯಿಟ್ಟದ್ದನ್ನು ನಾಳೆ ಅವಳು ಎತ್ತಿಕೊಳ್ಳುತ್ತಿದ್ದಳು. ಒಬ್ಬರ ಎಂಜಲು ಇನ್ನೊಬ್ಬರಿಗೆ ಅಂತ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ, ಕೋಮಲ ಆ ಬ್ಯಾಚಿಗೆ ಬರುವವರೆಗೆ.

ಮೊದಲ ವರ್ಷದ ದಸರಾ ರಜೆ ಮುಗಿಸಿ ಬಂದಾಗ ಟ್ರೇನಲ್ಲಿ ಒಂದು ಪಿಪೆಟ್ಟಿನ ಕುತ್ತಿಗೆಗೆ ದಾರ ಕಟ್ಟಿತ್ತು. ಅಟೆಂಡರ್ ಸಣ್ಣಯ್ಯ ಅದನ್ನು ತಾನಾಗಿಯೇ ಎತ್ತಿ ಅವಳ ಕೈಗೆ ಕೊಟ್ಟು, ಇದು ನಿಂದು ಕಣವ್ವ, ಇದನ್ನೇ ಇಟ್ಕೊ ಅಂದ. ಅವನ ಕಣ್ಣು ನೆಲದ ಮೇಲಿತ್ತು. ಅದನ್ನು ಗಮನಿಸುವ ಬುದ್ಧಿ ಆಗ ಅವಳಿಗಿರಲಿಲ್ಲ. ಇಡೀ ಬ್ಯಾಚಿನಲ್ಲಿ ತನಗೊಬ್ಬಳಿಗೇ ಸ್ವಂತದ ಪಿಪೆಟ್ಟು ಅಂತ ಹಿಗ್ಗಿಕೊಂಡು, ಸಂಜೆ ಮನೆಗೆ ಬಂದವಳೇ ಅವ್ವನ ಮುಂದೆ ಜಂಬ ಕೊಚ್ಚಿದಳು.

ಪಾಪಮ್ಮ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಬಾಯಲ್ಲಿ ಎಳೆಯುವುದಾ ಅದು ಎಂದು ಕೇಳಿದಳು. ಹೌದು ಅಂದಳು ಮಗಳು. ಪಾಪಮ್ಮನ ಕೈ ನಿಂತಿತು.

“ಅದ್ನ ಬ್ಯಾರೆ ಯಾರೂ ಮುಟ್ಟಾಕಿಲ್ವಾ, ಮಗಾ?”

“ಇಲ್ಲ ಕಣವ್ವ. ನಂಗೇ ಅಂತ ಮಡಗವ್ರೆ.”

“ಓಟ್ಲು ಗೋಡೆ ಮ್ಯಾಲೆ ನಂಗೂ ಒಂದು ಲೋಟ ಮಡಗವ್ರಲ್ಲ ಕಣವ್ವ,” ಅಂದಳು ಪಾಪಮ್ಮ. ಅಷ್ಟು ಹೇಳಿ ಮತ್ತೆ ಮೊರ ಎತ್ತಿಕೊಂಡಳು.

ಊರಿನ ಓಟ್ಲಿನಲ್ಲಿ ಕೇರಿಯವರ ಲೋಟಗಳು ಒಳಗಿರುತ್ತಿರಲಿಲ್ಲ, ಹೊರಗೋಡೆಯ ಗೂಡಿನಲ್ಲಿರುತ್ತಿದ್ದವು. ಕುಡಿದವರೇ ತೊಳೆದು ಅಲ್ಲೇ ಇಡಬೇಕು. ಹುಟ್ಟಿದಾಗಿನಿಂದ ನೋಡಿದ್ದ ಗೂಡು ಅದು. ಕಾಲೇಜಿನ ಗಾಜಿನಲ್ಲಿ ಅದು ಗುರುತು ಸಿಕ್ಕಿರಲಿಲ್ಲ, ಅಷ್ಟೆ. ಆವತ್ತು ಕೋಮಲ ಅಳಲಿಲ್ಲ. ಅವಳಿಗೆ ಬಂದದ್ದು ಸಿಟ್ಟು, ಮೈಯೆಲ್ಲ ಉರಿಯುವಂಥ ಸಿಟ್ಟು. ಅದರಲ್ಲೂ ಹಿಗ್ಗಿದ್ದಕ್ಕೆ ತನ್ನ ಮೇಲೇ ಹೆಚ್ಚು.

ದಾರ ಯಾರದೆಂದು ಮಾರನೆ ದಿನವೇ ತಿಳಿಯಿತು. ಮೂಟೆ ಹೊಲಿಯುವ ಸೆಣಬಿನ ದಾರ. ಮೂಟೆ ಹೊರುವವನ ಮಗಳಿಗೆ ಅದರ ಗುರುತು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬ್ಯಾಚಿನಲ್ಲಿ ಅಕ್ಕಿ ಮಂಡಿಯವರ ಮಗ ಒಬ್ಬನೇ, ಗುರುಪ್ರಸಾದ್. ಒಳ್ಳೆ ಮಾತಿನ ಹುಡುಗ, ಯಾರನ್ನೂ ಬೈದವನಲ್ಲ, ಕೋಮಲಳನ್ನೂ ಕೋಮಲಾ ಅವ್ರೇ ಅಂತಲೇ ಕರೆಯುತ್ತಿದ್ದ. ಮರ್ಯಾದೆಗೇನೂ ಕಮ್ಮಿಯಿಲ್ಲ ನೋಡಿ, ಮರ್ಯಾದೆಯಾಗಿಯೇ ದಾರ ಕಟ್ಟಿದ್ದ.

ಅದೂ ಹೋಗಲಿ ಅಂದರೆ, ಆ ಪಿಪೆಟ್ಟಿನ ಮೇಲ್ತುದಿ ಒಡೆದಿತ್ತು. ಚೂರೇ ಚೂರು. ಆದರೆ ಬೆರಳಿಟ್ಟು ಎಷ್ಟು ಒತ್ತಿದರೂ ಸಂದಿಯಲ್ಲಿ ಗಾಳಿ ನುಸುಳುತ್ತಿತ್ತು. ಗೆರೆಯಲ್ಲಿ ನಿಲ್ಲಬೇಕಾದ ದ್ರಾವಣ ಫ್ಲಾಸ್ಕಿಗೆ ಹೋಗುವ ಮೊದಲೇ ತೊಟ್ಟಿಕ್ಕುತ್ತಿತ್ತು. ಟೈಟ್ರೇಷನ್ ಅಂದರೆ ಒಂದು ದ್ರಾವಣಕ್ಕೆ ಇನ್ನೊಂದನ್ನು ತೊಟ್ಟು ತೊಟ್ಟಾಗಿ ಬಿಟ್ಟು, ಬಣ್ಣ ತಿರುಗಿದ ಕಡೆ ಅಳತೆ ಓದುವುದು, ಎರಡು ಸಲ ಮಾಡಿದರೂ ಒಂದೇ ರೀಡಿಂಗ್ ಬರಬೇಕು. ಇವಳಿಗೆ ಒಂದು ಸಲ ಬಂದದ್ದು ಇನ್ನೊಂದು ಸಲ ಬರುತ್ತಿರಲಿಲ್ಲ. ರೆಕಾರ್ಡಿನಲ್ಲಿ ಲೆಕ್ಚರರ್ ಶಿವಮಲ್ಲಪ್ಪನವರು ಕೆಂಪು ಶಾಯಿಯಲ್ಲಿ ‘ಅಜಾಗರೂಕತೆ’ ಎಂದು ಬರೆಯುತ್ತಿದ್ದರು. ಒಡೆದ ಗಾಜು ತಾಗಿ ಅವಳ ಕೆಳತುಟಿ ಸೀಳಿ, ಖಾರ ತಗಲಿದಾಗಲೆಲ್ಲ ಉರಿಯುತ್ತಿತ್ತು.

ಸುಮ್ಮನಿದ್ದಳು ಅಂದುಕೊಳ್ಳಬೇಡಿ. ಎರಡನೇ ವರ್ಷದಲ್ಲಿ ಒಂದು ದಿನ ದಾರದ್ದನ್ನು ಅಲ್ಲೇ ಬಿಟ್ಟು ಟ್ರೇನಿಂದ ಬೇರೆಯದನ್ನು ಎತ್ತಿಕೊಂಡಳು. ಯಾರೂ ಒಂದು ಮಾತು ಆಡಲಿಲ್ಲ. ಆವತ್ತು ಅವಳ ರೀಡಿಂಗುಗಳು ಜೋಡಿ ಎತ್ತಿನ ಹಾಗೆ ಒಂದಕ್ಕೊಂದು ಹೊಂದಿಕೊಂಡು ಬಂದವು. ಮುಂದಿನ ಪ್ರಾಕ್ಟಿಕಲ್ಲಿಗೆ ಬಂದರೆ ಅವಳು ಬಾಯಿಟ್ಟಿದ್ದ ಆ ಪಿಪೆಟ್ಟು ಸಿಂಕಿನಲ್ಲಿ ಎರಡು ತುಂಡಾಗಿ ಬಿದ್ದಿತ್ತು, ಒಡೆದವಳು ಕೋಮಲ ಅಂತ ಅವಳ ಹೆಸರಿಗೇ ದಂಡ ಬರೆದಾಗಿತ್ತು. ನೇರ ಶಿವಮಲ್ಲಪ್ಪನವರ ಹತ್ತಿರ ಹೋಗಿ ಎಲ್ಲ ಹೇಳಿದಳು. ಅವರು ಕೆಟ್ಟವರಲ್ಲ, ಹೆದರುಪುಕ್ಕರು. ಕೆಟ್ಟವರಾದರೂ ಒಂದು ಬಾಯಿ ಜಗಳವಾಡಬಹುದು, ಇಂಥವರ ಜೊತೆ ಏನು ಮಾಡುತ್ತೀರಿ? ಗಲಾಟೆ ಬೇಡಮ್ಮ, ಹೊಸದು ತರಿಸುತ್ತೇನೆ ಎಂದರು. ಹೊಸದು ಬರಲೇ ಇಲ್ಲ.

ಕೊನೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆ ಬಂತು. ಥಿಯರಿಯಲ್ಲಿ ಅವಳಿಗೆ ಭಯವಿರಲಿಲ್ಲ. ಫಸ್ಟ್ ಕ್ಲಾಸು ನಿಂತಿದ್ದದ್ದು ಪ್ರಾಕ್ಟಿಕಲ್ಲಿನ ಮೇಲೆ, ಪ್ರಾಕ್ಟಿಕಲ್ಲು ನಿಂತಿದ್ದದ್ದು ಪಿಪೆಟ್ಟಿನ ಮೇಲೆ. ಸೋರುವ ಗಾಜು ಹಿಡಿದರೆ ತಾಂಡ್ಯದ ಕುರ್ಚಿ ಹೋಯಿತು. ಒಳ್ಳೆಯದನ್ನು ಎತ್ತಿಕೊಂಡರೆ, ಪರೀಕ್ಷೆಯ ನಡುವೆ ಯಾರ ಮೊಣಕೈ ತಗುಲಿ ಅದು ಚೂರಾಗುತ್ತದೋ ಹೇಳಲಾಗದು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಇದನ್ನೇ ಯೋಚಿಸಿದಳು. ಕಿಟಕಿಯಾಚೆ ಕಬ್ಬಿನ ಗದ್ದೆ ಮುಗಿದು ನಂಜನಗೂಡಿನ ಸೇತುವೆ ಬರುವ ಹೊತ್ತಿಗೆ ಅವಳಿಗೆ ಹೊಳೆಯಿತು. ಒಂದು ಪಿಪೆಟ್ಟಿಗೆ ಬಾಯಿಟ್ಟರೆ ತಾನೆ ಅದನ್ನು ಒಡೆಯುತ್ತಾರೆ?

ಬೇರೆ ಊರಿನ ಕಾಲೇಜಿನಿಂದ ಬಂದಿದ್ದ ಎಕ್ಸ್‌ಟರ್ನಲ್ ಎಗ್ಸಾಮಿನರು ಪ್ರಿನ್ಸಿಪಾಲರ ಕೋಣೆಯಲ್ಲಿ ತಿಂಡಿ ತಿನ್ನುತ್ತಿದ್ದರು. ಬ್ಯಾಚಿನವರೆಲ್ಲ ಲ್ಯಾಬಿನೊಳಗೆ ಬಂದು ತಮ್ಮ ತಮ್ಮ ಜಾಗದಲ್ಲಿ ನಿಂತಿದ್ದರು. ಕೋಮಲ ನೆಟ್ಟಗೆ ಟ್ರೇ ಹತ್ತಿರ ಹೋದಳು. ಬೀಕರಿನ ತುಂಬ ಡಿಸ್ಟಿಲ್ಡ್ ವಾಟರ್ ಹಿಡಿದುಕೊಂಡಳು. ಮೊದಲನೆಯ ಪಿಪೆಟ್ಟು ಎತ್ತಿ, ನೀರಿಗೆ ಅದ್ದಿ, ತುಟಿಯಿಟ್ಟು ಗೆರೆಯವರೆಗೆ ಎಳೆದಳು. ಬೆರಳಿಟ್ಟಳು. ಎತ್ತಿ ಹಿಡಿದು ಸೋರುತ್ತದೆಯೇ ಎಂದು ನೋಡಿದಳು, ಸಿಂಕಿಗೆ ಬಿಟ್ಟು ಟ್ರೇಗೆ ವಾಪಸ್ಸಿಟ್ಟಳು. ಆಮೇಲೆ ಎರಡನೆಯದು. ಆಮೇಲೆ ಇನ್ನೊಂದು. ಅವಸರವಿಲ್ಲ, ಗಾಬರಿಯಿಲ್ಲ.

ಸಣ್ಣಯ್ಯ ಓಡಿ ಬಂದು, ಬ್ಯಾಡ ಕಣವ್ವ, ಬುಡವ್ವ ಎಂದು ಪಿಸುಗುಟ್ಟಿದ. ಅವಳು ಬಾಯಲ್ಲಿದ್ದ ಪಿಪೆಟ್ಟನ್ನು ತೆಗೆದು, ಪರೀಕ್ಷೆಗೆ ಮುಂಚೆ ಗಾಜು ತೊಳೆದು ನೋಡಬೇಕು ಅಂತ ಪುಸ್ತಕದಲ್ಲೇ ಐತೆ ಸಣ್ಣಯ್ಯಣ್ಣ ಎಂದು ಹೇಳಿ, ಮತ್ತೆ ಬಾಯಿಗಿಟ್ಟಳು. ಟ್ರೇನಲ್ಲಿ ಒಂದನ್ನೂ ಬಿಡಲಿಲ್ಲ. ಕೊನೆಗೆ ಉಳಿದದ್ದು ದಾರದ್ದು. ಅದರ ದಾರ ಬಿಚ್ಚಿ ತನ್ನ ಬ್ಯಾಗಿಗೆ ಹಾಕಿಕೊಂಡಳು. ಪಿಪೆಟ್ಟನ್ನು ಒಡೆದ ಗಾಜಿನ ಡಬ್ಬಕ್ಕೆ ಎಸೆದಳು. ಫಳ್ ಎಂದು ಸದ್ದಾಯಿತು. ಒಳ್ಳೆಯದೊಂದನ್ನು ಹಿಡಿದುಕೊಂಡು ತನ್ನ ಜಾಗಕ್ಕೆ ಹೋಗಿ ನಿಂತಳು.

ಎಕ್ಸ್‌ಟರ್ನಲ್ ಬಂದರು, ಕಬ್ಬಿಣದ ದ್ರಾವಣ ಹಂಚಿದರು, ಶುರು ಮಾಡಿ ಅಂದರು. ಟ್ರೇ ಹತ್ತಿರ ಯಾರೂ ಹೋಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಳಲೆಯ ಕಡೆಯ ಮಧುಶ್ರೀ ಎಂಬ ಹುಡುಗಿ ಮೊದಲು ಹೋಗಿ ಒಂದನ್ನು ಎತ್ತಿಕೊಂಡಳು. ನಲ್ಲಿಯ ಕೆಳಗೆ ಸ್ವಲ್ಪ ಹೆಚ್ಚೇ ಹೊತ್ತು ತೊಳೆದಳು, ಆದರೂ ಬಾಯಿಗಿಟ್ಟಳು. ಅವಳ ಹಿಂದೆ ಒಬ್ಬ, ಅವನ ಹಿಂದೆ ಇನ್ನೊಬ್ಬ. ಡಿಗ್ರಿ ಯಾರಿಗೆ ಬೇಡ? ಕಡೆಗೆ ಬರಿಗೈಯಲ್ಲಿ ನಿಂತವನು ಗುರುಪ್ರಸಾದ್ ಒಬ್ಬನೇ. ಅವನು ಶಿವಮಲ್ಲಪ್ಪನವರ ಹತ್ತಿರ ಹೋಗಿ, ಸ್ಟೋರ್‌ನಿಂದ ಬೇರೆ ಪಿಪೆಟ್ಟು ಕೊಡಿಸಿ ಸಾರ್ ಎಂದು ಮೆಲ್ಲಗೆ ಕೇಳಿದ. ಎಕ್ಸ್‌ಟರ್ನಲ್‌ಗೆ ಕೇಳಿಸಿಬಿಟ್ಟಿತು.

“ಟ್ರೇನಲ್ಲಿ ಇದೆಯಲ್ಲಪ್ಪ. ಅದಕ್ಕೇನಾಗಿದೆ?”

ಶಿವಮಲ್ಲಪ್ಪನವರು ಕನ್ನಡಕ ಒರೆಸಲು ಶುರು ಮಾಡಿದರು. ಮೂರು ವರ್ಷ ಎಲ್ಲರೂ ಸೇರಿ ನಡೆಸಿಕೊಂಡು ಬಂದಿದ್ದನ್ನು ಹೊರಗಿನ ಒಬ್ಬರ ಮುಂದೆ ಒಂದು ವಾಕ್ಯ ಮಾಡಿ ಹೇಳುವ ಧೈರ್ಯ ಆ ಕೋಣೆಯಲ್ಲಿ ಒಬ್ಬರಿಗೂ ಇರಲಿಲ್ಲ.

“ಯೋಳಿ ಗುರುಪ್ರಸಾದ್,” ಅಂದಳು ಕೋಮಲ, ತನ್ನ ಜಾಗದಿಂದಲೇ. “ಸಾರು ಕೇಳ್ತಾವ್ರೆ. ಏನಾಗೈತೆ ಅಂತ ಬಾಯ್‌ಬುಟ್ಟು ಯೋಳಿ.”

ಆಮೇಲೆ ಅವಳೇ ಎಕ್ಸ್‌ಟರ್ನಲ್ ಕಡೆ ತಿರುಗಿದಳು.

“ಏನೂ ಆಗಿಲ್ಲ ಸಾ. ಬೆಳಿಗ್ಗೆ ನಾನೇ ಎಲ್ಲಾನೂ ಬಾಯಲ್ಲಿ ಎಳ್ದು ನೋಡಿವ್ನಿ. ಒಂದೂ ಸೋರಾಕಿಲ್ಲ.”

ಎಕ್ಸ್‌ಟರ್ನಲ್‌ಗೆ ಖುಷಿಯಾಯಿತು. ಪ್ರಾಕ್ಟಿಕಲ್ಲಿಗೆ ಮುಂಚೆ ಮಾಡಬೇಕಾದ್ದೇ ಅದು, ಈ ಕಾಲದಲ್ಲಿ ಯಾರು ಮಾಡುತ್ತಾರೆ ಎಂದು ಹೊಗಳಿ, ತಾವೇ ಟ್ರೇನಿಂದ ಒಂದು ಪಿಪೆಟ್ಟು ಎತ್ತಿ ಗುರುಪ್ರಸಾದನ ಕೈಗೆ ಕೊಟ್ಟು, ಅವನ ಪಕ್ಕದಲ್ಲೇ ನಿಂತರು. ಅವನು ತುಟಿ ತಾಗಿಯೂ ತಾಗದ ಹಾಗೆ ಎಳೆಯಲು ನೋಡಿದ. ಗಾಳಿ ಬಂತು, ದ್ರಾವಣ ಬರಲಿಲ್ಲ. ಮತ್ತೆ ನೋಡಿದ, ಮತ್ತೆ ಗಾಳಿ. ತುಟಿ ಪೂರ್ತಿ ಮುಚ್ಚಪ್ಪ, ಮೂರು ವರ್ಷ ಏನು ಕಲಿತೆ ಎಂದು ಎಕ್ಸ್‌ಟರ್ನಲ್ ಗದರಿದರು. ಕೊನೆಗೆ ಅವನು ಕಣ್ಣು ಮುಚ್ಚಿಕೊಂಡು ತುಟಿ ಪೂರ್ತಿ ಮುಚ್ಚಿದ. ದ್ರಾವಣ ಏರಿತು.

ಕೋಮಲ ತನ್ನ ಬ್ಯೂರೆಟ್ಟಿನ ಕಡೆ ತಿರುಗಿದಳು. ನೇರಳೆ ಬಣ್ಣದ ಪರ್ಮಾಂಗನೇಟು ಒಂದೊಂದೇ ತೊಟ್ಟು ಬಿದ್ದು, ಫ್ಲಾಸ್ಕಿನಲ್ಲಿ ತಿಳಿಗುಲಾಬಿ ಬಣ್ಣ ನಿಂತಿತು. ಇನ್ನೊಂದು ಸಲ ಮಾಡಿದಳು. ಅದೇ ರೀಡಿಂಗು.

ಫಸ್ಟ್ ಕ್ಲಾಸ್ ಬಂತು. ತಾಂಡ್ಯದಲ್ಲಿ ಕೆಲಸವೂ ಸಿಕ್ಕಿತು, ಅಪ್ಪನ ಕಾರ್ಖಾನೆಯಲ್ಲಲ್ಲ, ಅದರ ಮುಂದಿನ ರಸ್ತೆಯದರಲ್ಲಿ. ಎರಡು ಸಾವಿರದ ಇಸವಿ ದಾಟಿ ಎಷ್ಟೋ ವರ್ಷ ಅವಳು ಅಲ್ಲಿ ಲಾರಿಗಳನ್ನು ನಿಲ್ಲಿಸಿದಳು, ಬಿಟ್ಟಳು. ಒಡೆದ ಗಾಜು ಕಂಡರೆ ಮಾತ್ರ ಕೋಮಲ ಮೇಡಂಗೆ ತಲೆ ಕೆಡುತ್ತದೆ ಎಂದು ಹೊಸದಾಗಿ ಸೇರಿದ ಹುಡುಗಿಯರು ಒಬ್ಬರಿಗೊಬ್ಬರು ಎಚ್ಚರಿಕೆ ಹೇಳಿಕೊಳ್ಳುತ್ತಿದ್ದರು. ಯಾಕೆ ಅಂತ ಅವರಿಗೆ ಗೊತ್ತಿರಲಿಲ್ಲ.

ಆದರೆ ಅವಳಿಗೆ ಕೆಲಸಕ್ಕಿಂತ ಚೆನ್ನಾಗಿ ನೆನಪಿರುವುದು ಪರೀಕ್ಷೆಯ ಆ ಸಂಜೆ. ಮನೆಗೆ ಬಂದು ಬ್ಯಾಗಿನಿಂದ ದಾರ ತೆಗೆದು ಅವ್ವನ ಮುಂದೆ ಇಟ್ಟಳು. ನಡೆದದ್ದನ್ನೆಲ್ಲ ಹೇಳಿದಳು. ಪಾಪಮ್ಮ ನಡುವೆ ಬಾಯಿ ಹಾಕದೆ ಕೇಳಿದಳು.

“ಎಲ್ಲಾಕೂ ಬಾಯಿ ಮಡಗ್ಬುಟ್ಟಾ?”

“ಎಲ್ಲಾಕೂ ಕಣವ್ವ.”

“ಆ ಮಂಡಿಯೋರ ಮಗ, ಅವ್ನೂ ಮಡಗುದ್ನಾ?”

“ಮಡಗ್ದೆ ಏನ್ ಮಾಡಾನು?”

ಪಾಪಮ್ಮ ಆ ದಾರವನ್ನು ಒಲೆಗೆ ಹಾಕಿ, ಅದು ಪೂರ್ತಿ ಉರಿಯುವವರೆಗೂ ನೋಡುತ್ತ ಕೂತಳು.

ಮಾರನೆಯ ಬೆಳಿಗ್ಗೆ ಕೂಲಿಗೆ ಹೋಗುವ ದಾರಿಯಲ್ಲಿ ಅವಳು ಓಟ್ಲ ಹತ್ತಿರ ನಿಂತಳು. ಗೂಡಿನಲ್ಲಿದ್ದ ತನ್ನ ಲೋಟದ ಕಡೆ ಕೈ ಚಾಚಲಿಲ್ಲ. ಹೊಸಿಲು ದಾಟಿ ಒಳಗೆ ಹೋಗಿ, ಬೋರಲು ಹಾಕಿದ್ದ ಗಾಜಿನ ಲೋಟಗಳ ಸಾಲಿನಿಂದ ಒಂದನ್ನು ಎತ್ತಿಕೊಂಡು ಓಟ್ಲಿನವನ ಮುಂದೆ ಹಿಡಿದಳು. ಬೆಂಚಿನ ಮೇಲೆ ಕೂತಿದ್ದವರು ತಿರುಗಿ ನೋಡಿದರು. ಓಟ್ಲಿನವನು ಲೋಟ ನೋಡಿದ, ಅವಳ ಮುಖ ನೋಡಿದ. ಅವಳು ಕೈ ಹಿಂದಕ್ಕೆ ತೆಗೆಯಲಿಲ್ಲ.

“ಸಕ್ರೆ ಒಸಿ ಜಾಸ್ತಿ ಆಕಪ್ಪ,” ಅಂದಳು.

ಅವನು ಟೀ ಹುಯ್ದ.