ನೀರು ಹಾಕುವ ದೇವೀರಮ್ಮ

ಮಲ್ಲಂದೂರಿನ ಕಾಫಿ ಎಸ್ಟೇಟೊಂದರ ಕೂಲಿ ಲೈನಿನ ಸಾಲುಮನೆಗಳಲ್ಲಿ ಹುಟ್ಟಿದ ಕೂಸುಗಳನ್ನೆಲ್ಲ ಚಾಚಿದ ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ ನೀರು ಹಾಕುತ್ತಿದ್ದವಳು ದೇವೀರಮ್ಮ. ಅವಳಿಗೆ ಸ್ವಂತ ಮಕ್ಕಳಿರಲಿಲ್ಲ. ಒಂದು ಮಳೆಗಾಲ, ಅವಳು ನೀರು ಹಾಕಿದ ಕೂಸೊಂದು ಜ್ವರ ಬಂದು ತೀರಿಕೊಂಡಿತು. ಮಕ್ಕಳಿಲ್ಲದ ಹೊಟ್ಟೆಕಿಚ್ಚಿಗೆ ಇವಳೇ ಮಾಟ ಮಾಡಿದ್ದಾಳೆಂದು ಲೈನಿನವರು ತೀರ್ಮಾನಿಸಿಬಿಟ್ಟರು. ಜ್ವರದ ಮೇಲೆ ಯಾರೂ ತಪ್ಪು ಹೊರಿಸಲಿಲ್ಲ.

ಅವಳನ್ನು ಹೊಡೆಯಲಿಲ್ಲ, ಓಡಿಸಲೂ ಇಲ್ಲ. ಅವಳು ನಲ್ಲಿಯ ಹತ್ತಿರ ಬಂದರೆ ತಾಯಂದಿರು ಮಕ್ಕಳ ಮುಖಕ್ಕೆ ಸೆರಗು ಮುಚ್ಚುತ್ತಿದ್ದರು, ಅಷ್ಟೆ. "ನಾನೇನೂ ಮಾಡಿಲ್ಲ ಕಣ್ರೇ" ಎಂದು ಹೇಳಿ ಹೇಳಿಯೇ ಅವಳ ತಲೆ ನರೆಯಿತು. ಸಂಜೆ ಕೆಲಸ ಬಿಟ್ಟು ಬಂದ ಮೇಲೆ ಒಬ್ಬಳೇ ಕಾಲು ಚಾಚಿ ಕುಳಿತು, ಬರಿದಾದ ಆ ಕಾಲುಗಳಿಗೇ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು.

ಈ ಸಲದ ಕಾಫಿ ಕೊಯ್ಲಿನಲ್ಲಿ ಪಕ್ಕದ ಮನೆಯ ರೇವತಿಯ ಕೂಸು ಒಂದೇ ಸಮನೆ ಅಳತೊಡಗಿತು. ಡಾಕ್ಟರು ನೋಡಿ, ಏನೂ ತೊಂದರೆಯಿಲ್ಲ ಎಂದರು. ಆದರೆ ಮಾಟ ಮಾಡಿದವರೇ ಒಪ್ಪಿಕೊಂಡು ತೆಗೆಯಬೇಕೆನ್ನುವುದು ಲೈನಿನ ನಂಬಿಕೆ. ರೇವತಿ ಕೂಸನ್ನೆತ್ತಿಕೊಂಡು ಬಂದು ದೇವೀರಮ್ಮನ ಹೊಸ್ತಿಲಾಚೆ ನಿಂತಳು.

"ದೇವೀರಕ್ಕ, ನೀವೇ ಮಾಡಿದ್ದು ಅಂತ ಒಂದ್ಸಲ ಒಪ್ಕೊಂಡು, ನೀವೇ ನೀರು ಹಾಕಿ ತೆಗೀರಿ. ಒಪ್ಕೊಳ್ದಿದ್ರೆ ನಾನು ಕೂಸನ್ನ ಕೊಡಲ್ಲ."

ಬಾಯಿಗೆ ಬಂದ ಹಳೆಯ ಮಾತನ್ನು ದೇವೀರಮ್ಮ ನುಂಗಿಕೊಂಡಳು. ಬಟ್ಟೆಯೊಳಗಿಂದ ಪುಟ್ಟ ಪಾದವೊಂದು ಹೊರಗೆ ಒದೆಯುತ್ತಿತ್ತು. ಅವಳು ನೆಲದ ಮೇಲೆ ಕುಳಿತು ಕಾಲು ಚಾಚಿದಳು.

"ಹೌದು ಕಣೇ, ನಾನೇ ಮಾಡಿದ್ದು. ಕೊಡು ಇತ್ಲಾಗೆ."