ಮೀಸೆ ಮೀನಿನ ಸ್ಥಳಾಂತರ

ನೆಕ್ರಾಜೆಯ ನಮ್ಮ ಮನೆಯ ಚಾವಡಿಯಲ್ಲಿ ಆ ಬೇಸಿಗೆಗೆ ಒಂದು ಮೀಸೆ ಮೀನು ಅತಿಥಿಯಾಗಿತ್ತು. ಹೆಬ್ಬೆರಳಿನಷ್ಟು ಉದ್ದ, ನ್ಯಾಯಾಧೀಶರ ಮುಖ. ಗಾಜಿನ ತೊಟ್ಟಿಯ ತಳದಲ್ಲಿ ಮರಳು ಮೂಸುವುದು, ಆಗಾಗ ಮೇಲಕ್ಕೆ ಚಿಮ್ಮಿ ಒಂದು ಗುಟುಕು ಗಾಳಿ ನುಂಗಿ ಪುನಃ ತಳ ಸೇರುವುದು, ಇಷ್ಟೇ ಅದರ ಉದ್ಯೋಗ. ಪಕ್ಕದ ಬ್ಯಾರಿ ಮನೆಯ ಹುಡುಗಿ ಶಾಲೆಯ ರಜೆಗೆ ತಂದೆಯಿದ್ದ ಗಲ್ಫಿಗೆ ಹೋಗುವಾಗ ಅದನ್ನು ತೊಟ್ಟಿ, ಪುಟ್ಟ ಹಸಿರು ಬಲೆ ಸಮೇತ ನಮಗೆ ಒಪ್ಪಿಸಿದ್ದಳು. ಅವಳ ಅಜ್ಜ ಊರಲ್ಲೇ ಇದ್ದರು. ಆದರೆ ಗದ್ದೆಬದಿಯ ತೋಡಿನ ನೀರಲ್ಲಿ ಇದೇ ಕುಲದ ಮುಗುಡು ಮೀನು ಹಿಡಿದು ಸಾರು ಮಾಡಿಸಿ ಬೆಳೆದ ಆ ಹಿರಿಯರ ಮೇಲೆ ಈ ವಿಷಯದಲ್ಲಿ ಅವಳಿಗೆ ಭರವಸೆ ಸಾಲದು.

ಪ್ರತಿ ಶುಕ್ರವಾರ ಮಧ್ಯಾಹ್ನ ಅವಳು ಮೊಬೈಲಿನಲ್ಲಿ ಪ್ರತ್ಯಕ್ಷಳಾಗಿ ಮೀನಿನ ದರ್ಶನ ಪಡೆಯುತ್ತಿದ್ದಳು. ಗಾಳಿ ನುಂಗಿದ್ದನ್ನು ಕಣ್ಣಾರೆ ಕಾಣದೆ ಫೋನು ಇಡುವವಳಲ್ಲ.

ಅಂಥ ಒಂದು ಶುಕ್ರವಾರವೇ ತೊಟ್ಟಿಯ ಮೂಲೆಯ ಅಂಟು ಬಿಟ್ಟಿತು. ನೆಲ ಒದ್ದೆಯಾದದ್ದು ನೋಡಿ ಹೆಂಡತಿ ಕೂಗಿದಳು. ನೀರು ಆಗಲೇ ಅರ್ಧಕ್ಕೆ ಇಳಿದಿತ್ತು. ಬಾವಿಯ ತಣ್ಣೀರಿಗೆ ಹಠಾತ್ತನೆ ಬಿಟ್ಟರೆ ಮೀನು ತಡೆಯಲಾರದೆಂದು ನಾನು ತೊಟ್ಟಿಯದೇ ನೀರನ್ನು ಚೊಂಬಿನಲ್ಲಿ ಮೊಗೆದು ಪ್ಲಾಸ್ಟಿಕ್ ಟಬ್ಬಿಗೆ ತುಂಬಿದೆ. ಅಷ್ಟರಲ್ಲಿ ನಮಾಜು ಮುಗಿಸಿ ಬಂದ ಅಜ್ಜ, ತಲೆಯ ಟೊಪ್ಪಿಯನ್ನೂ ತೆಗೆಯದೆ, ಮೊಮ್ಮಗಳ ಹಸಿರು ಬಲೆಯನ್ನು ಎತ್ತಿಕೊಂಡರು.

“ಸಾಹೇಬ್ರೆ, ಬಲೆ ಬೇಡ. ಡಬ್ಬದೊಳಗೆ ಮೆಲ್ಲ ಓಡಿಸುವ,” ಎಂದೆ.

“ಬಿಡಿ ಪೊರ್ಬುಗಳೇ,” ಎಂದರು ಅವರು, ಊರಿನ ಕ್ರಿಸ್ತುವರನ್ನೆಲ್ಲ ಕರೆಯುವ ಹಾಗೆ. “ತೋಡಲ್ಲಿ ಹಿಡಿದವನಿಗೆ ಚಾವಡಿಯಲ್ಲಿ ಹಿಡಿಯಲಿಕ್ಕೆ ಎಂತ ಕಷ್ಟ?”

ಕಷ್ಟವೇನೂ ಆಗಲಿಲ್ಲ. ಮೀನು ಒಂದೇ ಸಲಕ್ಕೆ ಬಲೆಗೆ ಬಿತ್ತು. ಬಿಡಿಸುವುದೇ ಆಗದು. ಹೆದರಿದಾಗ ಈ ಜಾತಿಯ ಮೀನು ಬದಿಯ ಮುಳ್ಳುಗಳನ್ನು ಕೊಡೆ ಬಿಚ್ಚಿದ ಹಾಗೆ ಬಿಚ್ಚಿ ಬಿಗಿಯುತ್ತದೆ. ಆ ಕೊಡೆಯನ್ನು ಮಡಚುವ ಗುಂಡಿ ನಮ್ಮ ಕೈಯಲ್ಲಿಲ್ಲ. ಅಜ್ಜ ಬಲೆ ಕೊಡವಿದರು. ಮೀನು ಮುಳ್ಳಿನಲ್ಲೇ ನೇತಾಡಿತು.

“ಎಳೀಬೇಡಿ, ಮುಳ್ಳು ಕಿತ್ತು ಬರ್ತದೆ,” ಎಂದು ಬಲೆಯನ್ನು ಅವರ ಕೈಸಮೇತ ಟಬ್ಬಿನ ನೀರಿಗೆ ಅದ್ದಿದೆ.

ಹಿಂದಿನಿಂದ ಹೆಂಡತಿ ಬಂದಳು. ಎರಡೂ ಅಂಗೈಗೆ ಒಲೆಯ ಬೂದಿ. ಮೀನು ಜಾರದಿರಲು ನಮ್ಮ ಅಡುಗೆಮನೆಗಳಲ್ಲಿ ತಲೆತಲಾಂತರದಿಂದ ನಡೆದು ಬಂದ ಶಾಸ್ತ್ರ.

“ಸರೀರಿ. ನಾನು ಹಿಡಿದ ಮೀನು ಒಂದಾದರೂ ಜಾರಿದ್ದುಂಟಾ?”

“ಬದುಕಿದ್ದೂ ಇಲ್ಲ. ಬೂದಿ ನೀರಿಗೆ ಬಿದ್ದರೆ ಇದರ ಕತೆ ಮುಗೀತು. ಕತ್ತರಿ ತಾ.”

ಅವಳು ಕತ್ತರಿಯನ್ನು ಎರಡು ಬೆರಳಿನ ತುದಿಯಲ್ಲಿ ಹಿಡಿದು ತಂದಳು; ನಾನು ಅದನ್ನು ಲುಂಗಿಗೆ ಒರೆಸಿಕೊಂಡೆ. ಅಜ್ಜ ಬಲೆಯನ್ನು ನೀರೊಳಗೇ ಹಿಡಿದರು, ನಾನು ಮುಳ್ಳಿನ ಸುತ್ತಲಿನ ಎಳೆಗಳನ್ನು ಒಂದೊಂದಾಗಿ ಕತ್ತರಿಸಿದೆ. “ಮಗು ಕೇಳಿದರೆ ನಾನು ಎಂತ ಹೇಳ್ಲಿ ಮಾರಾಯ್ರೆ,” ಎಂದು ಅಜ್ಜ ಮೆಲ್ಲಗೆ ಅಂದರು. ಕೊನೆಯ ಎಳೆ ಕಡಿದದ್ದೇ ಮೀನು ಟಬ್ಬಿನ ತಳಕ್ಕೆ ಇಳಿದು, ವಾಲಿ ಮಲಗಿತು. ಕಿವಿರು ಆಡುತ್ತಿದೆಯೋ ಇಲ್ಲವೋ ನಮ್ಮ ಮೂವರ ಕನ್ನಡಕಗಳಿಗೂ ತಿಳಿಯಲಿಲ್ಲ.

ಆಗ ಮೊಬೈಲು ಹಾಡಿತು.

ತೆಗೆಯದೆ ಇರುವ ಹಾಗಿಲ್ಲ. ನಾನು ತೆಗೆದು ಟಬ್ಬಿನ ಮೇಲೆ ಹಿಡಿದೆ. ತೊಟ್ಟಿ ಸೋರಿದ ಕತೆಯನ್ನಷ್ಟೇ ಹೇಳಿದೆ.

“ಯಾಕೆ ಅದು ಹಾಗೆ ಮಲಗಿದ್ದು?” ಎಂದಳು ಹುಡುಗಿ.

“ಮನೆ ಬದಲಾಯಿಸಿದ ಆಯಾಸ ಮಗಾ,” ಎಂದರು ಅಜ್ಜ.

“ಗಾಳಿ ನುಂಗ್ಲಿ. ನಾನು ಕಾಯ್ತೇನೆ.”

ಕಾದೆವು. ಶೋಕಸಭೆಯಲ್ಲೂ ನಾನು ಅಷ್ಟು ಹೊತ್ತು ಬಾಯಿ ಮುಚ್ಚಿ ನಿಂತವನಲ್ಲ. ಮೀನಿನ ಒಂದು ಮೀಸೆ ಅಲುಗಿತು. ಅಥವಾ ನೀರು ಅಲುಗಿತು. ಅಜ್ಜ ಕಣ್ಣು ಮುಚ್ಚಿ ತುಟಿ ಆಡಿಸತೊಡಗಿದರು. ನಾನೂ ನಮ್ಮ ಪದ್ಧತಿಯಂತೆ ಒಳಗೊಳಗೇ ಶಿಲುಬೆಯ ಗುರುತು ಹಾಕಿಕೊಂಡೆ. ಬೆರಳಷ್ಟು ಉದ್ದದ ಜೀವಕ್ಕೆ ಎರಡು ಧರ್ಮಗಳ ಶಿಫಾರಸು ಹೋಯಿತು.

ಸರ್ರನೆ ಮೇಲೆ ಬಂದು, ಒಂದು ಗುಟುಕು ನುಂಗಿ, ಏನೂ ನಡೆದೇ ಇಲ್ಲವೆಂಬಂತೆ ಅದು ತಳಕ್ಕಿಳಿದು ನೆಟ್ಟಗೆ ಕೂತಿತು.

“ಹ್ಞಾ, ಕಂಡ್ಯಾ?” ಎಂದು ಅಜ್ಜ ಕುರ್ಚಿಗೆ ಕುಸಿದರು.

ಹುಡುಗಿ ಪರದೆಗೆ ಮುಖ ಹತ್ತಿರ ತಂದಳು. ಆಮೇಲೆ, “ಅಂಕಲ್, ಫೋನು ಸ್ವಲ್ಪ ಆಚೆ ತಿರುಗಿಸಿ. ನನ್ನ ಬಲೆಗೆ ಎಂತ ಆದದ್ದು?”

ಅಜ್ಜ ನನ್ನ ಕಡೆಗೆ ನೋಡಿದರು. ನಾನು ಹೆಂಡತಿಯ ಕಡೆಗೆ ನೋಡಿದೆ. ಅವಳು ಬೂದಿಯ ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು.