ಕಾಲಿಲ್ಲದ ಹಾವುರಾಣಿ

ನಮ್ಮಜ್ಜಿ ನೀರು ಸೋಸುವುದನ್ನು ನೋಡುತ್ತ ನಿಂತರೆ ಬಾಯಾರಿಕೆಯೇ ಮರೆತುಹೋಗುತ್ತಿತ್ತು, ಅಷ್ಟು ನಿಧಾನ. ಹಳೇಬೀಡಿನ ಬಸದಿಗಳಿಗೆ ಕೂಗಳತೆಯಲ್ಲಿ ನಮ್ಮ ಮನೆ. ಹಿತ್ತಲಲ್ಲಿ ಬಾವಿ, ಅದರಾಚೆ ನಾಲ್ಕು ಸಾಲು ತೆಂಗು. ಬಿಂದಿಗೆಯ ಬಾಯಿಗೆ ಎರಡು ಮಡಿಕೆಯ ಬಿಳಿ ಬಟ್ಟೆ ಹಾಕಿ ಸೋಸಿ, ಆ ಬಟ್ಟೆಯನ್ನು ಜಾಲಾಡಿಸಿದ ನೀರನ್ನು ಕೊಡದಲ್ಲಿ ಮೆಲ್ಲಗೆ ಬಾವಿಗೆ ಇಳಿಸುತ್ತಿದ್ದಳು. ಮೇಲಿಂದ ಚೆಲ್ಲಿದರೆ ಬಟ್ಟೆಗೆ ಸಿಕ್ಕ ಜೀವಗಳಿಗೆ ಪೆಟ್ಟಾಗುತ್ತದಂತೆ. ಕಣ್ಣಿಗೆ ಕಾಣದ ಹುಳಕ್ಕೆ ಇಷ್ಟು ಮರ್ಯಾದೆ, ಬೇಲೂರಿನ ಬಸ್ಸಿಗೆ ಹೊತ್ತಾಯಿತೆಂದು ಕುಣಿಯುವ ನನಗೆ ಮಾತ್ರ "ಇರೇ, ಏನವಸರ" ಎಂಬ ಗದರಿಕೆ. ಈಗ ನಲ್ಲಿ ತಿರುಗಿಸಿದಾಗ ಆ ಬಿಳಿ ಬಟ್ಟೆ ನೆನಪಾಗುತ್ತದೆ.

ಎಪ್ಪತ್ತರ ದಶಕದ ಕೊನೆ, ನಾನು ಬೇಲೂರಿನಲ್ಲಿ ಪಿಯುಸಿ ಓದುತ್ತಿದ್ದೆ. ಹಾವಿಗೆ ರೆಪ್ಪೆಯಿಲ್ಲ, ಕಣ್ಣು ಮಿಟುಕಿಸಲಾರದು ಎಂದು ಜೀವಶಾಸ್ತ್ರದ ಮೇಷ್ಟ್ರು ಪಾಠ ಮಾಡಿದ್ದರು. ಅದೇ ವಾರ ಮಳೆ ಬಂತು. ನಮ್ಮ ತೋಟದ ಆಳು ತೆಂಗಿನ ಮಟ್ಟೆಯ ರಾಶಿ ಸರಿಸುತ್ತಿದ್ದವನು ಗುದ್ದಲಿ ಎತ್ತಿದ.

"ಹಾವಿನ್ ಮರಿ ಐತೆ ಕಣವ್ವಾ, ದೂರ ನಿಂತ್ಕೋ."

ಪೆನ್ಸಿಲಿನಷ್ಟು ದಪ್ಪ, ತಾಮ್ರದ ಬಣ್ಣ, ಕಾಲೇ ಇಲ್ಲ. ಬಗ್ಗಿ ನೋಡಿದೆ. ಅದು ನನ್ನತ್ತ ನೋಡಿ ಕಣ್ಣು ಮಿಟುಕಿಸಿತು! ಅವನು ಗುದ್ದಲಿ ಪಕ್ಕಕ್ಕಿಡುವವರೆಗೆ ನಾನು ಅಲ್ಲಿಂದ ಕದಲಲಿಲ್ಲ.

ಆಮೇಲೆ ಒಂದು ತಿಂಗಳು ನನಗೆ ಬೇರೆ ಕೆಲಸವಿರಲಿಲ್ಲ. ಸಡಿಲ ಮಣ್ಣಿನಲ್ಲಿ ಅದು ಈಜಿದಂತೆ ಹೋಗುತ್ತಿತ್ತು. ಗೆದ್ದಲು ತಿನ್ನುತ್ತಿತ್ತು. ಒಮ್ಮೆ ಮಟ್ಟೆ ತಾಗಿ ಬಾಲದ ತುದಿ ಕಳಚಿ ಬಿದ್ದು, ತುಂಡು ತಾನೇ ಕುಣಿಯಿತು. ಕೆಲ ದಿನಗಳಲ್ಲಿ ಅಲ್ಲೊಂದು ಮೊಂಡು ಚಿಗುರು. ಮೇಷ್ಟ್ರಿಗೆ ಹೇಳಿದೆ.

"ಹಾವಲ್ಲ, ಹಲ್ಲಿ ಜಾತಿ, ಹಾವುರಾಣಿಯ ನೆಂಟ ಇರಬೇಕು ಕಣಮ್ಮ. ಮಣ್ಣೊಳಗೆ ಬದುಕಿ ಬದುಕಿ ಕಾಲು ಕಳ್ಕೊಂಡಿದೆ. ತಗೊಂಡು ಬಾ, ನೋಡಿ ಬಿಟ್ಟುಬಿಡೋಣ."

ಮರುದಿನ ಬೆಳಿಗ್ಗೆ ಉಪ್ಪಿನಕಾಯಿ ಜಾಡಿಗೆ ಒದ್ದೆ ಮಣ್ಣು ತುಂಬಿ, ಅದನ್ನು ಹಾಕಿ, ಬಾವಿಕಟ್ಟೆಯ ನೆರಳಿನಲ್ಲಿಟ್ಟು ಸ್ನಾನಕ್ಕೆ ಹೋದೆ. ತಲೆ ಬಾಚಿಕೊಂಡು ಬರುವಷ್ಟರಲ್ಲಿ ಜಾಡಿ ತೊಳೆದು ಬೋರಲು ಹಾಕಿತ್ತು. ಬಾವಿಯ ಹುಳಹುಪ್ಪಟೆ ಹಿಡಿದು ಜಾಡಿಯಲ್ಲಿಡುವುದು ನನ್ನ ಹಳೆಯ ಚಾಳಿ. ಕಣ್ಣಿಗೆ ಪೊರೆ ಬಂದಿದ್ದ ಅಜ್ಜಿ ಒದ್ದೆ ಮಣ್ಣನ್ನು ಬಾವಿಯ ಕೆಸರೆಂದು ತಿಳಿದು, ಇದೂ ಅಂಥದ್ದೇ ಎಂದುಕೊಂಡಿದ್ದಳು.

"ಎಷ್ಟು ಸಲ ಹೇಳೋದೇ ನಿಂಗೆ? ಬಾವೀದು ಬಾವಿಗೇ ಸೇರಬೇಕು. ಕೊಡದಲ್ಲಿ ಮೆತ್ತಗೆ ಇಳಿಸಿದೀನಿ, ಒಂದಿಷ್ಟೂ ಪೆಟ್ಟಾಗಿಲ್ಲ" ಎಂದಳು ಸಂತೋಷದಿಂದ.

ಮಣ್ಣಿನ ಜೀವ ಬಾವಿ ನೀರಿನಲ್ಲಿ ಉಳಿಯುವುದುಂಟೆ? ದೀಪಕ್ಕೆ ಒಂದು ಇರುವೆ ಬಿದ್ದು ಸತ್ತರೂ ಅಜ್ಜಿ ಆ ದಿನ ಉಪವಾಸ. ಅವಳು ಜ್ವರದಿಂದ ಎದ್ದು ಇನ್ನೂ ವಾರವಾಗಿರಲಿಲ್ಲ, ಹೊಟ್ಟೆ ಖಾಲಿ ಬಿಡಬೇಡಿ ಎಂದು ಡಾಕ್ಟರು ಹೇಳಿ ಹೋಗಿದ್ದರು. ಅವಳು ಬಸದಿಗೆ ಹೊರಟ ಕೂಡಲೇ ಕೊಡ ಇಳಿಸಿದೆ. ನಾಲ್ಕನೇ ಸಲಕ್ಕೆ ಸಿಕ್ಕಿತು. ರೆಪ್ಪೆಯಿದ್ದ ಜೀವ, ಕಣ್ಣು ಮುಚ್ಚಿಕೊಂಡಿತ್ತು. ಮಟ್ಟೆಯ ರಾಶಿಯ ಬುಡದಲ್ಲಿ ಹೂತು, ಅಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತೆ.

ಅಜ್ಜಿ ಬಂದಾಗ ಮುಖ ತೊಳೆದು ನಿಂತಿದ್ದೆ. "ಅದು ನೆಲದ ಜೀವ ಅಜ್ಜಿ. ಬಾವಿಯಿಂದ ತೆಗೆದು ತೋಟಕ್ಕೆ ಬಿಟ್ಟೆ. ಸರಸರ ಅಂತ ಮಣ್ಣೊಳಗೆ ಹೋಯ್ತು."

"ಹೌದೇನೇ?" ಎಂದಳು, ಅಷ್ಟೆ.

ಆ ದಿನ ಅವಳು ಉಣ್ಣಲಿಲ್ಲ. ಹಸಿವಿಲ್ಲ ಎಂದಳು. ಮರುದಿನವೂ ಹಸಿವಿಲ್ಲ. ಹೊತ್ತು ಮುಳುಗುವ ಮುಂಚೆ ಗಂಜಿ ಹಿಡಿದು ಹೋಗಿ ಕಾಲು ಹಿಡಿದುಕೊಂಡೆ. ಏನಾಗಿದೆ ಹೇಳು ಎಂದು ಗೋಗರೆದೆ.

"ಜಪಮಾಲೆ ಮರೆತು ಅರ್ಧ ದಾರಿಯಿಂದ ವಾಪಸ್ ಬಂದಿದ್ದೆ ಕಣೇ. ಕಣ್ಣು ಮಂಜಾದ್ರೆ ಏನು, ನೀನು ಅಳೋದು ಕೇಳಿಸಲ್ವ?" ತಲೆ ಸವರಿದಳು. "ನಿನ್ನೆ ಉಪವಾಸ ನನ್ನ ತಪ್ಪಿಗೆ. ಇವತ್ತಿಂದು ನಿನ್ನ ಸುಳ್ಳಿಗೆ."

ಆ ಎರಡು ದಿನವೂ ನಾನು ಹೊತ್ತಿಗೆ ಸರಿಯಾಗಿ ಹೊಟ್ಟೆ ತುಂಬ ಉಂಡಿದ್ದೆ. ಬಡಿಸಿದವಳು ಅಜ್ಜಿಯೇ.